ಅಂಗಡಿಯ ಪ್ಯಾಟರ್ನ್

ಟೇಪು ಎಂದರೆ ಆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಅಳತೆಯ ಟೇಪನ್ನು ಕೊರಳಿಂದ ತೆಗೆಯಲು ಮರೆತು ಹಾಗೇ ಬಸ್ಸು ಹತ್ತಿಬಿಡುತ್ತಿದ್ದಳು, ಅದಕ್ಕೆ ಬಿದ್ದ ಹೆಸರು. ಬೆಳಿಗ್ಗೆ ಫ್ಯಾಷನ್ ಡಿಸೈನ್ ತರಗತಿ, ಮಧ್ಯಾಹ್ನದಿಂದ ಚಿಕ್ಕಮ್ಮನ ಹೊಲಿಗೆ ಅಂಗಡಿ. ಉಳಿದವರು ಕಾಲೇಜಿಗೆ ಸೇರಿದ ಮೇಲೆ ಕತ್ತರಿ ಹಿಡಿದರೆ, ಇವಳು ಹತ್ತು ವರ್ಷದವಳಾಗಿದ್ದಾಗಲೇ ಚಿಕ್ಕಮ್ಮನ ಪಕ್ಕ ಕೂತು ಗುಂಡಿಗೆ ಕಾಜಾ ಹೊಲಿದವಳು. ಸಾಕಿದವಳೂ ಚಿಕ್ಕಮ್ಮನೇ, ಕಲಿಸಿದವಳೂ ಚಿಕ್ಕಮ್ಮನೇ. ಅವಳು ಹಾಕಿದ ಗೆರೆಯನ್ನು ಟೇಪು ದಾಟಿದವಳಲ್ಲ. ಹೆದರಿಕೆಗಲ್ಲ, ಪ್ರೀತಿಗೆ. ಹೆದರಿಕೆಯಾಗಿದ್ದರೆ ಎಷ್ಟೋ ವಾಸಿಯಿತ್ತು.

ಆ ಅಂಗಡಿಯದೊಂದು ಪದ್ಧತಿ. ಗೋಡೆಗೆ ಸಾಲಾಗಿ ಮೊಳೆ ಹೊಡೆದಿದೆ. ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಪ್ಯಾಟರ್ನ್‌ಗಳೆಲ್ಲ ಅಲ್ಲಿ ನೇತಾಡುತ್ತವೆ. ಮೇಲೆ ಎದೆ, ಸೊಂಟ, ಉದ್ದ ಎಂದು ಅಳತೆ ಬರೆದಿರುತ್ತದೆಯೇ ಹೊರತು ಮಾಡಿದವರು ಯಾರು ಎಂದಿರುವುದಿಲ್ಲ. ಮೊಳೆಗೆ ಹೋದದ್ದು ಅಂಗಡಿಯದು, ಅಷ್ಟೇ. ಕಾಲೇಜಿನಲ್ಲಾದರೆ ತುಂಡು ತುಂಡಿಗೂ ಹೆಸರು, ದಿನಾಂಕ, ಮೇಷ್ಟರ ಸಹಿ. ಟೇಪು ಅಲ್ಲಿ ತಪ್ಪದೆ ಬರೆಯುತ್ತಿದ್ದಳು, ಇಲ್ಲಿ ಬರೆಯುತ್ತಿರಲಿಲ್ಲ. ಮನೆಯೊಳಗೆ ಯಾರಾದರೂ ತಮ್ಮ ಚಪ್ಪಲಿಗೆ ಹೆಸರು ಬರೆದಿಡುತ್ತಾರೆಯೇ?

ಕೊನೆಯ ವರ್ಷದ ಪರೀಕ್ಷೆಗೆ ಅವಳು ಒಂದು ಕೋಟು ಯೋಚಿಸಿದ್ದಳು. ಕಾಲರಿನಿಂದ ಹೊರಟ ಬಟ್ಟೆ ಎಲ್ಲೂ ಜೋಡಣೆಯಿಲ್ಲದೆ ಎದೆಯ ಮೇಲೆ ಇಳಿದು, ಸೊಂಟದ ಹತ್ತಿರ ತಿರುಗಿ, ತಾನೇ ಜೇಬಾಗಬೇಕು. ಹೇಳುವುದಕ್ಕೇನು, ಸುಲಭ. ಕೋರಾ ಬಟ್ಟೆಯಲ್ಲಿ ಹನ್ನೊಂದು ಸಲ ಮಾಡಿ ನೋಡಿದಳು, ಹನ್ನೊಂದು ಸಲವೂ ಜೇಬು ಪೆದ್ದನ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿತು. ಹನ್ನೆರಡನೆಯದು ಹೇಳಿದ ಹಾಗೆ ಕೂತಿತು. ಬೇರೆಯವರು ಎಗರಿಸಿಬಿಟ್ಟಾರೆಂದು ಕಾಲೇಜಿನಲ್ಲಿ ಬಾಯಿ ಬಿಡಲಿಲ್ಲ. ಚಿಕ್ಕಮ್ಮನಿಗೆ ಮಾತ್ರ ತೋರಿಸಿದಳು. ಚಿಕ್ಕಮ್ಮ ಜೇಬಿಗೆ ಕೈ ಹಾಕಿ ತಡವಿ, "ಪರವಾಗಿಲ್ಲ ಕಣೇ, ಇದು ನನಗೂ ಹೊಳೀತಿರಲಿಲ್ಲ" ಅಂದಳು. ಟೇಪು ಎಂದಿನಂತೆ ಹೆಸರು ಬರೆಯದೆ ಅದರ ಪ್ಯಾಟರ್ನನ್ನು ಮೊಳೆಗೆ ಹಾಕಿ, ಆ ದಿನವಿಡೀ ಹಲ್ಲು ಬಿಟ್ಟುಕೊಂಡೇ ಇದ್ದಳು.

ಈ ಪರೀಕ್ಷೆಯ ಮೇಲೆ ಅವಳ ಕೆಲಸ ನಿಂತಿತ್ತು. ಬೇರೆ ಊರಿನ ಉಡುಪು ಕಂಪನಿಯೊಂದು ವಿನ್ಯಾಸ ವಿಭಾಗಕ್ಕೆ ಅವಳನ್ನು ಆರಿಸಿ ಪತ್ರ ಕಳಿಸಿತ್ತು. ಈ ಸಲವೇ ಪಾಸಾಗಬೇಕು, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ.

ಪರೀಕ್ಷೆಯ ದಿನ ತನ್ನ ಕೋಟನ್ನು ತೋಳ ಮೇಲೆ ಹಾಕಿಕೊಂಡು ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಸಾಲಿನ ಮೂರನೇ ಬೊಂಬೆಯ ಮೇಲೆ ಅವಳದೇ ಕೋಟು. ಬಣ್ಣ ಬೇರೆ, ಬಟ್ಟೆ ದುಬಾರಿಯದು. ಕಾಲರು ಅದೇ, ಇಳಿತ ಅದೇ, ಜೇಬೂ ಅದೇ. ಪಕ್ಕದಲ್ಲಿ ಅವಳದೇ ತರಗತಿಯ ಸೆಂಟು ನಿಂತಿದ್ದಳು. ಬಾಗಿಲಿಗೆ ಬರುವ ಮೊದಲೇ ಅವಳ ಘಮಘಮ ಒಳಗೆ ಬಂದಿರುತ್ತಿತ್ತು. ಮೂರು ವರ್ಷವಾದರೂ ನೆಟ್ಟಗೊಂದು ಗುಂಡಿ ಹಚ್ಚಲು ಬಾರದವಳು.

"ಎಲ್ಲಿಂದ ಬಂತೇ ಇದು?"

ಸೆಂಟು ಪಿಸುಗುಟ್ಟಿದಳು. "ಪ್ಯಾಟರ್ನ್ ನಿಮ್ಮ ಅಂಗಡೀದೇ, ಕತ್ತರಿಸಿ ಹೊಲಿಸಿದ್ದು ಬೇರೆ ಕಡೆ. ನಾನು ಬೇರೆ ಯಾವುದೋ ಕೇಳಿದ್ದೆ. ನಿಮ್ಮ ಚಿಕ್ಕಮ್ಮನೇ ಮೊಳೆಯಿಂದ ತೆಗೆದು, ಇದು ತಗೋ ಅಂದ್ರು. ನಿನಗೆ ಗೊತ್ತಿದೆ ಅಂದ್ಕೊಂಡೆ."

ಟೇಪು ನಂಬಲಿಲ್ಲ. ಏನೋ ಗಡಿಬಿಡಿಯಾಗಿದೆ, ಚಿಕ್ಕಮ್ಮ ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಳು. ಎರಡು ಕೋಟನ್ನೂ ನೋಡಿ ಹುಬ್ಬು ಗಂಟಿಕ್ಕಿದ ವಿಭಾಗದ ಮುಖ್ಯಸ್ಥೆಗೂ ಅದನ್ನೇ ಹೇಳಿದಳು. "ಇದು ನನ್ನ ಪ್ಯಾಟರ್ನ್ ಮೇಡಂ. ನಮ್ಮ ಚಿಕ್ಕಮ್ಮನ್ನ ಕೇಳಿ."

ಕೇಳಿದರು. ಅರ್ಧ ಗಂಟೆಯಲ್ಲಿ ಚಿಕ್ಕಮ್ಮ ಬಂದಳು, ಸೀರೆಗೆ ನೂಲಿನ ಎಳೆಗಳು ಅಂಟಿದ ಹಾಗೆಯೇ. ಟೇಪುವಿಗೆ ಹೋದ ಜೀವ ಬಂದಂತಾಯಿತು.

"ಇದು ನಮ್ಮ ಅಂಗಡೀದು ಮೇಡಂ," ಅಂದಳು ಚಿಕ್ಕಮ್ಮ, ಗೋಡೆಯ ಕಡೆ ನೋಡುತ್ತ. "ಎಷ್ಟೋ ವರ್ಷದಿಂದ ಮೊಳೆ ಮೇಲಿದೆ. ಇಬ್ಬರೂ ಅದನ್ನೇ ಇಟ್ಟು ಕತ್ತರಿಸಿದ್ದಾರೆ."

"ಚಿಕ್ಕಮ್ಮ!" ಟೇಪು ಮುಖ್ಯಸ್ಥೆಯ ಕಡೆ ತಿರುಗಿದಳು. "ಮೇಡಂ, ಒಂದು ಕಾಗದ ಕೊಡಿ. ಈಗಲೇ ನಿಮ್ಮ ಕಣ್ಣೆದುರಿಗೇ ಪ್ಯಾಟರ್ನ್ ಹಾಕಿ ತೋರಿಸ್ತೀನಿ."

"ಹಾಕದೇ ಏನು? ನಾನೇ ಕಲಿಸಿದ್ದಲ್ವಾ," ಅಂದಳು ಚಿಕ್ಕಮ್ಮ.

ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದು. ಕಲಿಸಿದ್ದು ನಿಜ, ಸಾಕಿದ್ದು ನಿಜ, ಆ ನಿಜದೊಳಗೇ ಸುಳ್ಳನ್ನು ಸೇರಿಸಿ ಎಲ್ಲೂ ಹೊಲಿಗೆ ಕಾಣದ ಹಾಗೆ ಮುಗಿಸಿಬಿಟ್ಟಳು. ಹೊರಗಿನವರ ಕೆಲಸ ತಂದರೆ ಫೇಲು ಎಂಬುದು ನಿಯಮ. ಇಬ್ಬರನ್ನೂ ಫೇಲು ಮಾಡಿದರು. ಸೆಂಟು ಮುಂದಿನ ವರ್ಷ ಬರೆದರಾಯಿತೆಂದು ಭುಜ ಕೊಡವಿ ಹೋದಳು. ಟೇಪುವಿಗೆ ಅಳುವೂ ಬರಲಿಲ್ಲ.

ಇಬ್ಬರೂ ಅಂಗಡಿಗೆ ಮರಳಿದರು. ಒಳಗೆ ಬಂದ ಮೇಲೆ ಚಿಕ್ಕಮ್ಮ ಅಂದಳು, "ಅಷ್ಟು ದೂರ ಹೋಗಿ ಯಾರದೋ ಕೈ ಕೆಳಗೆ ದುಡೀಬೇಕಾ? ಈ ಅಂಗಡಿ ನಿನ್ನದೇ ತಾನೇ."

"ಬೇಕು ಅಂತಲೇ ಕೊಟ್ಟೆಯಾ ಅವಳಿಗೆ?"

ಚಿಕ್ಕಮ್ಮ ಸ್ಟೂಲಿನ ಮೇಲೆ ಕುಸಿದಳು. "ಕಣ್ಣು ಮಂಜಾಗಿ ಎರಡು ವರ್ಷ ಆಯ್ತು ಕಣೇ. ಗೆರೆ ಕಾಣಲ್ಲ. ಡಾಕ್ಟ್ರು ಇನ್ನೇನೂ ಮಾಡೋಕಾಗಲ್ಲ ಅಂದ್ರು. ನೀನು ಹೋದ್ರೆ ಕಟಿಂಗ್ ಯಾರು ಮಾಡ್ತಾರೆ? ನಾನು ಏನ್ ಮಾಡ್ಕೊಂಡು ಬದುಕಲಿ?"

ಎರಡು ವರ್ಷದಿಂದ "ಇದೊಂದು ನೀನೇ ಕತ್ತರಿಸು, ಕೈ ಪಳಗಲಿ" ಎಂದು ಚಿಕ್ಕಮ್ಮ ಬಟ್ಟೆಯೆಲ್ಲ ತನ್ನ ಕಡೆಗೆ ತಳ್ಳುತ್ತಿದ್ದದ್ದು ಯಾಕೆಂದು ಟೇಪುವಿಗೆ ಈಗ ತಿಳಿಯಿತು. ಕರುಳು ಚುರುಕ್ಕೆಂದಿತು. ಆದರೂ ಸಿಟ್ಟು ಇಳಿಯಲಿಲ್ಲ.

"ಇದನ್ನ ನನಗೆ ಹೇಳಿದ್ಯಾ?"

"ಹೇಗೆ ಹೇಳಲಿ? ಹೋಗಬೇಡ ಅಂದ್ರೆ ನೀನೆಲ್ಲಿ ಕೇಳ್ತಿದ್ದೆ?"

"ಕೇಳ್ತಿದ್ದೆ ಚಿಕ್ಕಮ್ಮ," ಅಂದಳು ಟೇಪು. "ಒಂದು ಮಾತು ಹೇಳಿದ್ರೆ ಆ ಪತ್ರ ಹರಿದು ಹಾಕಿ ಇಲ್ಲೇ ಇರ್ತಿದ್ದೆ. ಈಗ ಕೆಲಸವೂ ಇಲ್ಲ, ಪಾಸೂ ಇಲ್ಲ. ಆದರೂ ಇಲ್ಲಿರೋಕೆ ಆಗಲ್ಲ."

ಚಿಕ್ಕಮ್ಮ ಅವಳ ಕೈ ಹಿಡಿಯಲು ಹೋದಳು. ಟೇಪು ಅಷ್ಟರಲ್ಲಿ ತನ್ನ ಬಟ್ಟೆ ಚೀಲಕ್ಕೆ ತುಂಬಿಕೊಳ್ಳಲು ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿದ್ದಳು.