ಡ್ರಮ್ಮಿಗೂ ಒಂದು ಏಕಾದಶಿ

ಗಣೇಶನ ಹಬ್ಬ ಮುಗಿದು ಮೂರು ದಿನವಾಗಿರಲಿಲ್ಲ, ನಮ್ಮ ಹಿತ್ತಲಿನ ಡ್ರಮ್ಮು ನಾರತೊಡಗಿತು. ಅಂತಿಂಥ ನಾತವಲ್ಲ; ಗವಿಪುರದ ನಮ್ಮ ಗಲ್ಲಿಯಲ್ಲಿ ಮೂಗು ಮುಚ್ಚದೆ ನಡೆಯುವವರೇ ಇರಲಿಲ್ಲ. ಅವರಿಗೇನು, ಮೂಗಿನ ಕಷ್ಟ. ನನಗೆ ಹೊಟ್ಟೆಗೇ ಕಲ್ಲು ಬೀಳುವ ಹಾಗಿತ್ತು.

ನಾನು ಹೋಳಿಗೆ ಮಾಡಿ ವಿ.ವಿ. ಪುರದ ಅಂಗಡಿಗೆ ಕೊಡುವವಳು. ಹೂರಣಕ್ಕೆ ದಿನಾ ಬೇಳೆ ಬೇಯಬೇಕು. ಎರಡು ಸಾವಿರದ ಐದನೇ ಇಸವಿ ಅದು; ಸಿಲಿಂಡರ್ ಬುಕ್ ಮಾಡಿದರೆ ಯಾವಾಗ ಬರುತ್ತದೋ ಆ ಗವಿ ಗಂಗಾಧರನೇ ಬಲ್ಲ. ಸೀಮೆಎಣ್ಣೆಯ ಮಾತಂತೂ ಎತ್ತಲೇಬೇಡಿ.

ಹಬ್ಬಕ್ಕೆ ಕೆಲವು ತಿಂಗಳ ಮುಂಚೆ ಎದುರುಮನೆಯ ಚಕ್ರಪಾಣಿ ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾದವರು, ಎರಡು ಪ್ಲಾಸ್ಟಿಕ್ ಡ್ರಮ್ಮು ಹೊರಿಸಿಕೊಂಡು ಬಂದರು.

"ಭೂಮಿ ಒಳಗಿನ ಎಣ್ಣೆ ಒಂದಲ್ಲ ಒಂದಿನ ಮುಗಿಯತ್ತೆ ಬಸವಮ್ಮ. ಅಷ್ಟ್ರೊಳಗೆ ನಮ್ಮ ಗಲ್ಲಿ ಅದಿಲ್ದೆ ಬದುಕೋದು ಕಲೀಬೇಕು" ಎಂದರು.

ಕೆಳಗಿನ ಡ್ರಮ್ಮಿಗೆ ಸಗಣಿ ನೀರು, ಗಲ್ಲಿಯವರ ತರಕಾರಿ ಸಿಪ್ಪೆ, ಉಳಿದ ಅನ್ನ. ಅದು ಕೊಳೆತು ಗ್ಯಾಸ್ ಆದಂತೆ ಬೋರಲು ಹಾಕಿದ ಮೇಲಿನ ಡ್ರಮ್ಮು ಏಳುತ್ತಿತ್ತು. ಅಲ್ಲಿಂದ ನನ್ನ ಒಲೆಗೆ ಪೈಪು. ದಿನಕ್ಕೆ ಒಂದೇ ಬಕೆಟ್, ಅದು ಮೇಷ್ಟ್ರ ಕಟ್ಟಪ್ಪಣೆ. ಹಬ್ಬದವರೆಗೂ ನನ್ನ ಬೇಳೆ ಅದರಲ್ಲೇ ಬೆಂದಿತು. ಮೇಷ್ಟ್ರ ಹೆಂಡತಿ ಗೋದಮ್ಮ ಮಾತ್ರ, "ಮುಸುರೆ ಗ್ಯಾಸಲ್ಲಿ ನಾನಂತೂ ಪಾತ್ರೆ ಇಡಲ್ಲ" ಎಂದುಬಿಟ್ಟರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಹಬ್ಬ ಬಂತು ನೋಡಿ. ಎಲ್ಲರೂ ಕಡುಬು ತಿನ್ನುವಾಗ ಪಾಪ ಡ್ರಮ್ಮು ಸಿಪ್ಪೆ ತಿನ್ನಬೇಕೇ? ಒಂದು ಮನೆಯಿಂದ ಪಾಯಸ, ಒಂದು ಮನೆಯಿಂದ ಆಂಬೊಡೆ, ನನ್ನದೊಂದು ಪಾತ್ರೆ ಹೂರಣ. ಬೇಡ ಎನ್ನಲು ಅದಕ್ಕೆ ಬಾಯಿ ಇಲ್ಲ. ಇನ್ನೊಂದು ಸೌಟು ಎನ್ನದೆ ಬಡಿಸಿ ನಮಗೆ ಅಭ್ಯಾಸವಿಲ್ಲ. ಆಮೇಲೆ ಬರೀ ನಾತ. ಕಡ್ಡಿ ಗೀರಿದರೆ ಒಲೆ ಹತ್ತುತ್ತಲೇ ಇರಲಿಲ್ಲ.

ಪಕ್ಕದ ಮನೆಯ ನಂಜುಂಡಯ್ಯನವರು ಕಾಂಪೌಂಡಿನಾಚೆಯಿಂದ, "ಮಹಾಲಯ ಅಮಾವಾಸ್ಯೆವರೆಗೂ ನೋಡ್ತೀನಿ ಬಸವಮ್ಮ. ಉರೀಲಿಲ್ಲ ಅಂದ್ರೆ ಎತ್ತಿಸ್ಬಿಡಿ. ಮನೇಲಿ ಯಾರಿಗೂ ಊಟ ಸೇರ್ತಿಲ್ಲ" ಎಂದರು. ಅವರು ಹೇಳಿದ್ದು ನ್ಯಾಯವೇ. ಆದರೂ ನನಗೆ ಸಿಟ್ಟು ಬಂತು. ಹೋಳಿಗೆ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಅಂಗಡಿಯವನು ಆಗಲೇ ಹೇಳಿಯಾಗಿತ್ತು.

ಏಕಾದಶಿಯ ದಿನ ಮೇಷ್ಟ್ರು ಡ್ರಮ್ಮಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರನ್ನು ಕರೆಯಲು ಗೋದಮ್ಮ ಬಂದರು. ಬೆಳಗಿನಿಂದ ನಿರಾಹಾರ, ಕೋಪ ಮೂಗಿನ ತುದಿಯಲ್ಲಿತ್ತು.

"ಗಂಟಲ್ ಮಟ್ಟ ತಿನ್ಸಿ, ಈಗ ಏನಾಯ್ತು ಅಂತ ಯೋಚ್ನೆ ಮಾಡ್ತೀರಲ್ಲ. ಅಜೀರ್ಣ ಆದ್ರೆ ಲಂಘನಂ ಪರಮೌಷಧಂ. ಅದಕ್ಕೂ ಏಕಾದಶಿ ಮಾಡ್ಸಿ."

ಮೇಷ್ಟ್ರು ತಲೆಯೆತ್ತಿದರು. "ಸರಿಯಾಗಿ ಹೇಳ್ದೆ ಕಣೇ. ಒಳಗೆಲ್ಲ ಹುಳಿಯಾಗಿದೆ. ಏನೂ ಹಾಕ್ಬಾರ್ದು, ಸ್ವಲ್ಪ ಸಗಣಿ ನೀರು ಅಷ್ಟೇ."

"ನಮ್ಮ ಸೋಮವಾರದ ಉಪವಾಸ ಆಗಲ್ವಾ ಮೇಷ್ಟ್ರೇ?" ಎಂದು ನಾನು ಕೇಳಿದೆ.

"ಅದೂ ಇರ್ಲಿ. ಒಂದಿನದ ಉಪವಾಸ ಇದಕ್ಕೆ ಸಾಲಲ್ಲ."

ಡ್ರಮ್ಮು ಉಪವಾಸ ಕೂತಿತು. ಇದ್ದ ಒಂದು ಸಿಲಿಂಡರನ್ನು ಹಿಂಡಿ ಹಿಂಡಿ ಅರ್ಧಕ್ಕರ್ಧ ಹೋಳಿಗೆ ಮಾಡಿ ಅಂಗಡಿ ಉಳಿಸಿಕೊಂಡೆ. ನಾತ ದಿನೇ ದಿನೇ ಇಳಿಯಿತು. ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ನೋಡಿದರೆ ಮೇಲಿನ ಡ್ರಮ್ಮು ಒಂದು ಗೇಣು ಎದ್ದಿದೆ. ಮೇಷ್ಟ್ರು, ಗೋದಮ್ಮ ಬಂದರು; ನಂಜುಂಡಯ್ಯನವರೂ ಬಂದು ನಿಂತರು. ಕಡ್ಡಿ ಗೀರಿದೆ. ಮೊದಲು ಬುಸ್ ಎಂದಿತು, ಆಮೇಲೆ ನೀಲಿಯಾಗಿ ಹತ್ತಿಕೊಂಡಿತು. ಒಲೆ ಉರಿದದ್ದಕ್ಕೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ.

ಗೋದಮ್ಮ ಸೆರಗಿನ ಮರೆಯಿಂದ ಹಾಲಿನ ಪಾತ್ರೆ ತೆಗೆದರು. ಅವರ ಮನೆಯ ಸಿಲಿಂಡರ್ ಖಾಲಿಯಾಗಿತ್ತಂತೆ.

"ಮುಸುರೆ ಗ್ಯಾಸು ಗೋದಮ್ಮ" ಎಂದೆ.

"ಕಾಫಿಗೆ ಎಲ್ಲಿಯ ಮಡಿ, ಇಡಿ ಸುಮ್ನೆ."

ಅಷ್ಟರಲ್ಲಿ ನಂಜುಂಡಯ್ಯನವರು ತಮ್ಮ ಮನೆಗೆ ಹೋಗಿ ಬಕೆಟ್ ತುಂಬ ಸಿಪ್ಪೆ, ಉಳಿದ ಅನ್ನ ತಂದರು. ಹಿಂದೆಯೇ ಗಲ್ಲಿಯವರೆಲ್ಲ ಒಂದೊಂದು ಪಾತ್ರೆ ಹಿಡಿದು ಬಂದರು. ಪಾಪ, ಎಷ್ಟು ದಿನದ ಹಸಿವು ಎಂದು ಅವರ ಮಾತು. ಗೋದಮ್ಮ ಕಾಫಿ ಲೋಟ ಹಿಡಿದೇ ಡ್ರಮ್ಮಿಗೆ ಅಡ್ಡ ನಿಂತರು.

"ಇವತ್ತಿಗೆ ಅರ್ಧ ಬಕೆಟ್. ಬಲವಂತ ಮಾಡಿ ಬಡಿಸೋಕೆ ಅದೇನು ನೆಂಟರಾ? ಇನ್ಮೇಲೆ ಅದೂ ಮನೆಯವರ ಲೆಕ್ಕ."

ನಂಜುಂಡಯ್ಯನವರು ಅರ್ಧ ಸುರಿದು, ಉಳಿದದ್ದನ್ನು ವಾಪಸು ಹೊತ್ತುಕೊಂಡು ಹೋದರು.