ವಕೀಲರು ಡೇರೆ ಹಾಕಿದ್ದು

ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸ ಅಂತ ಸೌದಾಮಿನಿಗೆ ಈ ನಲವತ್ತೊಂದು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ವೈಪಿನ್ ದ್ವೀಪದ ಒಂದು ತೆಂಗಿನ ತೋಟದಲ್ಲಿ, ಹಿನ್ನೀರಿನ ದಂಡೆಯ ಹತ್ತಿರ, ಬಿದ್ದ ಮರದ ಮೇಲೆ ಕೂತು ಅವಳು ಗಂಡ ಡೇರೆ ಹಾಕುವುದನ್ನು ನೋಡುತ್ತಿದ್ದಳು. ನೋಡುತ್ತಿದ್ದಳು ಎನ್ನುವುದಕ್ಕಿಂತ ಬಾಯಿಗೆ ಬೀಗ ಹಾಕಿಕೊಂಡು ಸಹಿಸುತ್ತಿದ್ದಳು ಎನ್ನಬೇಕು.

ಮಾತಾಡಬಾರದು, ಯಾವುದನ್ನೂ ಮುಟ್ಟಬಾರದು ಎಂಬುದು ಷರತ್ತು. ಮಟ್ಟಾಂಚೇರಿಯ ಸರಕಾರಿ ಕಚೇರಿಯೊಂದರಲ್ಲಿ ಹದಿನೇಳು ವರ್ಷ ಫೈಲು ನೋಡಿದವಳಿಗೆ ಪ್ರಮೋಷನ್ ಬಂದಿತ್ತು, ಆದರೆ ತಿರುವನಂತಪುರಕ್ಕೆ. ಬರುವುದು ಇದು ಮೂರನೆಯ ಸಲ. ಮೊದಲ ಸಲ ಮಗಳು ದೀಪ್ತಿ ಹೊಟ್ಟೆಯಲ್ಲಿದ್ದಳು, ಎರಡನೆಯ ಸಲ ಅತ್ತೆಯ ಆಪರೇಷನ್. ಎರಡು ಸಲವೂ ಬೇಡವೆಂದು ಬರೆದುಕೊಟ್ಟಿದ್ದಳು. ಈ ಸಲ ಸೋಮವಾರದೊಳಗೆ ಉತ್ತರ ಕೊಡಬೇಕು. ಅವಳಿಗೆ ಹೋಗಬೇಕು ಅಂತ ಎಷ್ಟು ಆಸೆಯಿತ್ತೆಂದರೆ, ಅದನ್ನು ಮನೆಯಲ್ಲಿ ಜೋರಾಗಿ ಹೇಳಲೂ ಹೆದರಿಕೆಯಾಗುತ್ತಿತ್ತು.

"ನೀನು ಹೋದರೆ ಮನೆ ನಡೀತದಾ ಇಲ್ಲವಾ ಅಂತ ಒಂದು ದಿನ ನೋಡಿಯೇ ಬಿಡುವಾ," ಎಂದಿದ್ದ ವೆಂಕಟ್ರಮಣ. ಎರ್ನಾಕುಲಂನಲ್ಲಿ ಹೈಕೋರ್ಟಿನ ವಕೀಲ, ಪುರಾವೆ ಇಲ್ಲದೆ ಯಾವುದನ್ನೂ ಒಪ್ಪುವ ಆಸಾಮಿಯಲ್ಲ. "ನಾನು, ದೀಪ್ತಿ ಎಲ್ಲ ಮಾಡ್ತೇವೆ. ಡೇರೆ, ಅಡುಗೆ, ಪಾತ್ರೆ ತೊಳೆಯುವುದು, ಎಲ್ಲ. ನೀನು ಕೂತು ನೋಡು ಸಾಕು."

ತೋಟ ಅವನ ಕಕ್ಷಿಗಾರ ವಿಲ್ಸನ್‌ನದು, ಡೇರೆಯೂ ವಿಲ್ಸನ್ ಗಲ್ಫಿನಿಂದ ತಂದದ್ದು. ಬರುವಾಗ ದಾರಿಯುದ್ದಕ್ಕೂ ಸೌದಾಮಿನಿ ಮನಸ್ಸಿನಲ್ಲೇ ಮಧೂರು ಗಣಪತಿಗೆ ಹರಕೆ ಹೇಳಿಕೊಂಡಿದ್ದಳು, ಇವರಿಬ್ಬರೂ ಪಾಸಾಗಲಿ ಅಂತ.

ಗೂಟಗಳ ಚೀಲ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಉಳಿದಿತ್ತು. "ಗೂಟ ಇಲ್ಲದೆಯೂ ನಿಲ್ತದೆ, ಇದು ಫಾರಿನ್ ಮಾಲು," ಎಂದು ವೆಂಕಟ್ರಮಣ ಹಗ್ಗಗಳನ್ನು ತೆಂಗಿನ ಮರಗಳಿಗೆ ಬಿಗಿದ. ಡೇರೆ ಎರಡು ಸಲ ಮಕಾಡೆ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನು ಮರಳು ಸರಿಯಿಲ್ಲ ಎಂದ. ಮೂರನೆಯ ಸಲ ನಿಂತಾಗ ಹದಿಮೂರು ವರ್ಷದ ದೀಪ್ತಿ ತಲೆಯೆತ್ತಿ, "ಅಪ್ಪಾ, ಮೇಲೋಟ್ಟು ನೋಕ್ಕ್," ಎಂದಳು. ಅವಳು ಮಲಯಾಳದಲ್ಲೇ ಮಾತಾಡುವುದು. ಮೇಲೆ ನೋಡಿದರೆ ಡೇರೆಯ ನೆತ್ತಿಗೆ ಸರಿಯಾಗಿ ಒಣಗಿದ ಕಾಯಿಗಳ ಒಂದು ಗೊನೆ. ತೆಂಗಿನಡಿ ಹುಟ್ಟಿ ಬೆಳೆದ ಕಾಸರಗೋಡಿನ ಗಂಡಸು! ಸೌದಾಮಿನಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಡೇರೆ ಮರಗಳಿಂದ ದೂರ, ನೀರಿನ ಹತ್ತಿರಕ್ಕೆ ಹೋಗಿ, ಹಗ್ಗಗಳಿಗೆ ಕಲ್ಲು ಕಟ್ಟಿಸಿಕೊಂಡು ನಿಂತಿತು.

ಆಮೇಲೆ ಅಡುಗೆ. ಪುಟ್ಟ ಗ್ಯಾಸ್ ಒಲೆ ಬಂದಿತ್ತು, ಬೆಂಕಿಪೊಟ್ಟಣ ಬಂದಿರಲಿಲ್ಲ. ದೀಪ್ತಿ ಪಕ್ಕದ ಮನೆಗೆ ಓಡಿದಳು. ಆ ಮನೆಯ ಫಾತಿಮಾ ಬೆಂಕಿಪೊಟ್ಟಣ ಹಿಡಿದುಕೊಂಡು ತಾನೇ ಬಂದು, ಗಂಡಸು ಅಕ್ಕಿ ತೊಳೆಯುವುದನ್ನೂ ಹೆಂಗಸು ಮರದ ಮೇಲೆ ಕೂತದ್ದನ್ನೂ ನೋಡಿ, "ಚೇಚಿಕ್ಕ್ ಸುಖಮಿಲ್ಲೇ?" ಎಂದು ಮರುಕದಿಂದ ಕೇಳಿದಳು. ಹೆಂಗಸು ಕೂತಿದ್ದಾಳೆಂದರೆ ಮೈಗೆ ಜಡ್ಡೇ ಆಗಿರಬೇಕಲ್ಲ!

ಕುಚ್ಚಲಕ್ಕಿಗೆ ವೆಂಕಟ್ರಮಣ ಬೇಗ ಬೇಯುವ ಬಿಳಿ ಬೆಳ್ತಿಗೆ ಅಕ್ಕಿಗೆ ಇಡುವಷ್ಟೇ ನೀರಿಟ್ಟ. ತಳ ಹತ್ತಿತು, ಮೇಲಿನದು ಕಲ್ಲಿನ ಹಾಗೆ ಉಳಿಯಿತು.

"ಒಂದೇ ಒಂದು ಸಂಶಯ," ಎಂದ ಅವನು, ಸೌಟು ಹಿಡಿದು ಅವಳ ಮುಂದೆ ನಿಂತು. "ಕೇಳಿದರೆ ತಪ್ಪಿಲ್ಲವಲ್ಲ?"

"ನಾನು ತಿರುವನಂತಪುರದಲ್ಲಿ ಇದ್ದೇನೆ ಅಂತ ತಿಳ್ಕೊಳ್ಳಿ."

ಅಷ್ಟರಲ್ಲಿ ಉಬ್ಬರಕ್ಕೆ ಹಿನ್ನೀರು ಏರಿತು. ಯಾವ ಗಲಾಟೆಯೂ ಇಲ್ಲದೆ ಬಂದು ಡೇರೆಯೊಳಗಿನ ಚಾಪೆ, ಹೊದಿಕೆ, ದೀಪ್ತಿಯ ಬ್ಯಾಗು ಎಲ್ಲವನ್ನೂ ತೋಯಿಸಿತು. ಅವಲಕ್ಕಿಯ ಡಬ್ಬಕ್ಕೆ ಮುಚ್ಚಳ ಹಾಕಿರಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಮೂವರೂ ಮಾರುತಿ ಕಾರಿನ ಬಾಗಿಲು ತೆರೆದಿಟ್ಟುಕೊಂಡು ಒಳಗೆ ಕೂತಿದ್ದರು. "ವಿಶಕ್ಕುನ್ನು," ಎಂದು ದೀಪ್ತಿ ಹಸಿವೆಗೆ ಮುಖ ಸಣ್ಣದು ಮಾಡಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈ ಮಗುವನ್ನು ಇವರ ಕೈಗೆ ಬಿಟ್ಟು ಹೇಗೆ ಹೋಗುವುದು? ಈ ಸಲವೂ ಆಗಲಿಕ್ಕಿಲ್ಲ ಎಂದು ಸೌದಾಮಿನಿ ನಿಜವಾಗಿ ಅಂದುಕೊಂಡದ್ದು ಆಗಲೇ.

"ಕಂಡೆಯಲ್ಲ ಮಾರಾಯ್ತಿ," ಎಂದ ವೆಂಕಟ್ರಮಣ. ಸ್ವರದಲ್ಲಿ ಬೇಸರವಿತ್ತು, ಬೇಸರದ ಅಡಿಯಲ್ಲಿ ಏನೋ ನಿರಾಳವೂ ಇತ್ತು. "ಪ್ರಯತ್ನ ಮಾಡಿದ್ದೇವೆ. ನಮ್ಮಿಂದ ಆಗುವುದಿಲ್ಲ."

ಹಾಗೆಂದು ಡ್ಯಾಶ್‌ಬೋರ್ಡಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ಪ್ರಮೋಷನ್ ಬೇಡವೆಂಬ ಅರ್ಜಿ, ನೀಟಾಗಿ ಟೈಪ್ ಮಾಡಿದ ಮೂರು ಪ್ರತಿ. ಮೇಲಧಿಕಾರಿಯ ವಿಳಾಸ, ಆರ್ಡರಿನ ನಂಬರು, ಅವಳು ಸರ್ವಿಸಿಗೆ ಸೇರಿದ ತಾರೀಕು, ಎಲ್ಲಿಯೂ ಒಂದು ತಪ್ಪಿಲ್ಲ. ಸಹಿ ಹಾಕುವ ಕಡೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಕೂಡ. ಕಾಗದಕ್ಕೆ ಒಂದು ಹನಿ ನೀರು ತಾಗಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಕೊಟ್ಟ.

"ಇದು ಯಾವಾಗ ಮಾಡಿಸಿದ್ದು?"

"ಗುರುವಾರ. ನಮ್ಮ ಗುಮಾಸ್ತ ಕಮಲಾಕ್ಷ ಟೈಪ್ ಮಾಡಿದ. ಒಂದು ವೇಳೆ ಬೇಕಾದರೆ ಅಂತ..."

ಗುರುವಾರ. ಇವತ್ತು ಶನಿವಾರ. ವಿಚಾರಣೆಗೆ ಎರಡು ದಿನ ಮೊದಲೇ ತೀರ್ಪು ಟೈಪಾಗಿತ್ತು. ಸೌದಾಮಿನಿಗೆ ಅಳು ಬಂತು, ಬರೀ ಸಿಟ್ಟಿನ ಅಳು. ಗೂಟ ಮರೆತದ್ದಕ್ಕಲ್ಲ, ಅನ್ನ ಸೀದದ್ದಕ್ಕೂ ಅಲ್ಲ. ಇಷ್ಟು ವರ್ಷ ಈ ಮನುಷ್ಯನಿಗೆ ಮರೆವು ಜಾಸ್ತಿ ಎಂದು ತಿಳಿದು ಅವನ ಪಾಲಿನದ್ದನ್ನೂ ತಾನೇ ನೆನಪಿಟ್ಟುಕೊಂಡಿದ್ದಳಲ್ಲ! ಮರೆವು ಎಲ್ಲಿಯದು? ಬೇಕಾದದ್ದು ಇವನಿಗೆ ತಾರೀಕು ಸಮೇತ ನೆನಪಿರುತ್ತದೆ.

ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಪೆನ್ನನ್ನು ಅವನ ಕೈಗೇ ತಿರುಗಿ ಕೊಟ್ಟಳು.

"ನಾನು ಸೋಮವಾರ ಒಪ್ಪಿಗೆ ಬರೆದು ಕೊಡ್ತೇನೆ. ನೀವು ಈ ಕಾಗದ ತಿರುಗಿಸಿ."

"ತಿರುಗಿಸಿ ಎಂತ ಮಾಡುವುದು?"

"ಬರ್ಕೊಳ್ಳಿ. ಹಾಲು ಐದೂವರೆಗೆ ಬರ್ತದೆ. ದೀಪ್ತಿಯ ಸ್ಕೂಲ್ ಬಸ್ಸು ಏಳು ಇಪ್ಪತ್ತಕ್ಕೆ. ಅವಳು ಯಾವ ಡಿವಿಷನ್ ಅಂತ ಗೊತ್ತುಂಟಾ?"

ವೆಂಕಟ್ರಮಣ ಕನ್ನಡಿಯಲ್ಲಿ ಹಿಂದಿನ ಸೀಟಿನ ಮಗಳನ್ನು ನೋಡಿದ. ಮಗಳು ಕಿಟಕಿಯಾಚೆ ನೋಡುತ್ತಾ, ನಗು ತಡೆಯಲು ತುಟಿ ಬಿಗಿಹಿಡಿದು, "ಬಿ," ಎಂದಳು.

ಅವನು ಕಾಗದವನ್ನು ಸ್ಟೀರಿಂಗಿಗೆ ಆನಿಸಿಟ್ಟು ಬರೆದ. ಗ್ಯಾಸ್ ಬುಕ್ ಮಾಡುವ ನಂಬರು, ಅವನದೇ ಬಿಪಿ ಮಾತ್ರೆಯ ಹೆಸರು, ಅವನ ಅಮ್ಮನಿಗೆ ಊರಿಗೆ ಫೋನ್ ಮಾಡುವ ದಿನ. ಅವಳು ತಡವರಿಸದೆ ಹೇಳುತ್ತಾ ಹೋದಳು, ಅವನು ತಲೆಯೆತ್ತದೆ ಬರೆಯುತ್ತಾ ಹೋದ. ಪುಟ ತುಂಬಿತು.

"ಇನ್ನೂ ಉಂಟಾ?" ಎಂದ, ಬೆರಳು ನೀವಿಕೊಳ್ಳುತ್ತಾ.

"ಮೂರು ಪ್ರತಿ ತಂದಿದ್ದೀರಲ್ಲ," ಎಂದಳು ಸೌದಾಮಿನಿ. "ಸಾಕಾಗ್ತದಾ ನೋಡುವಾ."