ಛತ್ರಿ ಅಕ್ಕನ ಹೊಲಿಗೆ

ಕಂಪನಿಯವರು ತಂದಿಟ್ಟ ಹೂವಿನ ಚಕ್ರವನ್ನು ತಂಗಿ ಅಕ್ಕನ ಎದೆಯ ಮೇಲಿಂದ ಎತ್ತಿ, ಹೊಸ್ತಿಲು ದಾಟಿಸಿ, ಚಪ್ಪಲಿಗಳ ಪಕ್ಕದಲ್ಲಿಟ್ಟು ಬಂದಳು. ಬಿಸಾಡಬೇಕೆಂದೇ ಎತ್ತಿದ್ದು, ಹೂವು ಏನು ಪಾಪ ಮಾಡಿತ್ತು ಎಂದು ಕೈ ತಡೆಯಿತು.

"ಯಾಕಮ್ಮಾ?" ಎಂದರು ಎದುರುಮನೆಯ ಮೇಷ್ಟ್ರು.

"ಅದರ ಮೇಲೆ ಏನು ಬರೆದಿದೆ ಓದಿದ್ರಾ? 'ನಮ್ಮ ಕುಟುಂಬದ ಸದಸ್ಯೆಗೆ' ಅಂತೆ! ಆರು ತಿಂಗಳಿಂದ ಈ ಕುಟುಂಬ ಎಲ್ಲಿ ಹಾಳಾಗಿ ಹೋಗಿತ್ತು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಮಾತು ಅವರಿಗೂ ಅಷ್ಟಿಷ್ಟು ತಾಗಿತ್ತು. ರಾಕೆಟ್ ಬಿದ್ದ ವಾರವೇ, ಹೊಲಿಯಲು ಕೊಟ್ಟಿದ್ದ ಕಿಟಕಿ ಪರದೆಯ ಬಟ್ಟೆಯನ್ನು ವಾಪಸ್ ಇಸಿದುಕೊಂಡು ಹೋದವರಲ್ಲಿ ಅವರೂ ಒಬ್ಬರು.

ಹೊರಗೆ ಶವದ ಗಾಡಿಯ ಚಾಲಕ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಮಧ್ಯಾಹ್ನದೊಳಗೆ ಅವನಿಗೆ ಇನ್ನೊಂದು ಮನೆಗೆ ಹೋಗುವುದಿತ್ತು. ಅಕ್ಕನಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಮಾಡಿದ ಜಾಗದಲ್ಲಿ, ತಾನೇ ಹೊಲಿದ ಬೂದು ಅಂಗಿ ತೊಟ್ಟು ಮಲಗಿದ್ದಳು.

*

'ಛತ್ರಿ ಅಕ್ಕ' ಎಂಬ ಅಡ್ಡಹೆಸರು ಬಿದ್ದದ್ದು ಒಂಬತ್ತು ವರ್ಷದ ಹಿಂದೆ. ಹಳೇ ಬಿಸ್ಕತ್ತಿನ ಗೋದಾಮಿನಲ್ಲಿ ಹನ್ನೊಂದು ಜನ ಸೇರಿ ಒಂದು ಕಂಪನಿ ತೆರೆದಿದ್ದರು. ದೊಡ್ಡವರು ಮಾಡುವ ರಾಕೆಟ್ಟನ್ನು ನಾವು ಅಗ್ಗದಲ್ಲಿ ಮಾಡುತ್ತೇವೆ, ಶಾಲೆಯ ಮಕ್ಕಳು ತಮ್ಮ ಕೈಯಾರೆ ಜೋಡಿಸಿದ ಪುಟ್ಟ ಉಪಗ್ರಹಗಳನ್ನು ಅದರಲ್ಲಿಟ್ಟು ಮೋಡದ ಮೇಲಕ್ಕೆ ಹಾರಿಸಿ ಇಳಿಸುತ್ತೇವೆ ಎನ್ನುತ್ತಿದ್ದರು. ಹಾರಿಸಿದ್ದು ಪುಡಿಯಾಗದೆ ಇಳಿಯಬೇಕಲ್ಲ! ಒಂದು ಬೆಳಿಗ್ಗೆ ಕಂಪನಿಯ ಯಜಮಾನ ನುಣುಪು ಬಟ್ಟೆಯ ಸುರುಳಿ ಹೊತ್ತು ಅಕ್ಕನ ಬಾಗಿಲಿಗೆ ಬಂದ.

"ಏನಪ್ಪಾ ಇದು, ಛತ್ರೀನಾ?"

"ಹಾಗೇ ಅಂದ್ಕೊಳ್ಳಿ. ಆಕಾಶದಿಂದ ಇಳಿಯೋ ಛತ್ರಿ. ಹರೀಬಾರ್ದು ಅಷ್ಟೇ."

"ನನ್ನ ಹೊಲಿಗೆ ಹರಿಯೋಕೆ ನೀವು ಇನ್ನೊಂದು ಜನ್ಮ ಎತ್ತಿ ಬರ್ಬೇಕು."

ಬಾಯಿ ಜೋರು ನಿಜ, ಕೈ ಅದಕ್ಕಿಂತ ಜೋರು. ಪ್ರತಿ ಅಂಚಿಗೂ ಮೂರು ಸಾಲು ಹೊಲಿಗೆ. ಮಡಿಸಿ ಚೀಲಕ್ಕೆ ತುಂಬಿ, ಮುಚ್ಚಳಕ್ಕೆ ಒಂದು ಪಿನ್ನು ಚುಚ್ಚಿ, ಪಿನ್ನಿಗೆ ಮೊಳದುದ್ದದ ಕೆಂಪು ಪಟ್ಟಿ ಕಟ್ಟಿ ಕೊಡುತ್ತಿದ್ದಳು. ಹಾರಿಸುವ ಮುಂಚೆ ಆ ಪಟ್ಟಿ ಹಿಡಿದು ಪಿನ್ನು ಕಿತ್ತರೆ ಮಾತ್ರ ಮೇಲೆ ಹೋದಾಗ ಛತ್ರಿ ಬಿಚ್ಚಿಕೊಳ್ಳುವುದು. ಇಪ್ಪತ್ತಾರು ಸಲ ಬಿಚ್ಚಿಕೊಂಡಿತು.

ಇಪ್ಪತ್ತೇಳನೆಯ ಸಲ ದೊಡ್ಡ ದೊಡ್ಡ ಅತಿಥಿಗಳು ಬಂದಿದ್ದರು. ರಾಕೆಟ್ ಕಲ್ಲಿನ ಹಾಗೆ ಬಿತ್ತು. ಹನ್ನೆರಡು ಶಾಲೆಗಳ ಉಪಗ್ರಹ ಚೂರುಚೂರು. ಮರುದಿನದ ಪತ್ರಿಕೆಯಲ್ಲಿ ಕಂಪನಿಯ ಹೇಳಿಕೆ: ಪ್ಯಾರಾಚೂಟಿನ ಹೊಲಿಗೆಯಲ್ಲಿ ದೋಷ.

ಎಂಥಾ ಜನ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ಕ್ಷೌರದಂಗಡಿಯಲ್ಲಿ ಕೂತು, "ಛತ್ರಿಗೇ ಹೀಗೆ ಹೊಲಿದವಳು, ನಮ್ಮ ಪ್ಯಾಂಟಿನ ಮಾನ ಉಳಿಸ್ತಾಳಾ?" ಎಂದು ನಕ್ಕರು. ಬಟ್ಟೆ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಬಂದು ಒಯ್ದರು. ಆ ಛತ್ರಿಯನ್ನು ಒಮ್ಮೆ ತೋರಿಸಿ ಎಂದು ಅಕ್ಕ ಮೂರು ಸಲ ಕಂಪನಿಯ ಗೇಟಿಗೆ ಹೋದಳು, ಮೂರು ಸಲವೂ ಕಾವಲುಗಾರ ಹಿಂದಕ್ಕೆ ಕಳಿಸಿದ.

"ನೀನು ತಪ್ಪು ಮಾಡಿಲ್ಲ ಕಣೆ," ಎಂದು ತಂಗಿ ಹೇಳಿದರೆ, "ಅಷ್ಟು ಓದಿದೋರು ಸುಳ್ಳು ಹೇಳ್ತಾರಾ? ಎಲ್ಲೋ ಒಂದ್ಕಡೆ ನನ್ನ ಕೈಯೇ ತಪ್ಪಿರ್ಬೇಕು. ಪಾಪ, ಆ ಮಕ್ಕಳು," ಎನ್ನುತ್ತಿದ್ದಳು. ಹಾಗೆ ಅಂದುಕೊಂಡೇ ಸತ್ತಳು. ಸಾವಿಗಿಂತ ಹೆಚ್ಚಾಗಿ ಇದೇ ತಂಗಿಯ ಹೊಟ್ಟೆ ಉರಿಸುತ್ತಿತ್ತು.

*

ಹೂವಿನ ಚಕ್ರದ ಜೊತೆ ಬಂದಿದ್ದ ಕಂಪನಿಯ ಯಜಮಾನ ಶವದ ಪಕ್ಕ ನಿಂತು ಮಾತು ಶುರುಮಾಡಿದ. "ಇವರು ನಮ್ಮ ಕಂಪನಿಯ ಆಧಾರಸ್ತಂಭ ಆಗಿದ್ರು..."

"ಒಂದು ನಿಮಿಷ," ಎಂದಳು ತಂಗಿ. "ಅವಳ ಹೊಲಿಗೆ ಬಿಟ್ಟಿತ್ತಾ? ಹೌದು ಅನ್ನಿ, ಇಲ್ಲ ಅನ್ನಿ."

"ಇದು ಅದಕ್ಕೆ ಸಮಯ ಅಲ್ಲಮ್ಮಾ."

"ಅವಳಿಗೆ ಇನ್ಯಾವ ಸಮಯ ಉಳಿದಿದೆ? ಛತ್ರಿ ಎಲ್ಲಿ?"

"ಅದು... ಪರೀಕ್ಷೆ ಮುಗಿದ್ಮೇಲೆ ಸುಟ್ಟುಬಿಟ್ವಿ."

"ಸುಟ್ಟಿಲ್ಲ."

ಮಾತಾಡಿದ್ದು ಗೋಡೆಗೊರಗಿ ನಿಂತಿದ್ದ ಕಂಪನಿಯ ಹಳೆಯ ಇಂಜಿನಿಯರು, ನರೆತ ಮನುಷ್ಯ. "ಸ್ಟೋರಿನ ಅಟ್ಟದಲ್ಲಿದೆ. ನಾನೇ ಇಟ್ಟಿದ್ದು. ಅದು ಚೀಲದಿಂದ ಹೊರಗೇ ಬಂದಿರ್ಲಿಲ್ಲ. ಪಿನ್ನು ಕಿತ್ತಿರ್ಲಿಲ್ಲ."

"ಯಾಕೆ?"

"ಫೋಟೋದಲ್ಲಿ ಕೆಂಪು ಪಟ್ಟಿ ಜೋಲಾಡ್ತಾ ಅಸಹ್ಯವಾಗಿ ಕಾಣುತ್ತೆ ಅಂತ ಈ ಸಾರೇ ಅದನ್ನ ಒಳಗೆ ಸಿಕ್ಕಿಸಿದ್ರು. ಆಮೇಲೆ ಯಾರ ಕಣ್ಣಿಗೂ ಬೀಳ್ಲಿಲ್ಲ. ನನ್ನ ಕಣ್ಣಿಗೂ."

"ಆರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹೊಟ್ಟೆಪಾಡು ತಾಯಿ."

"ಅವಳಿಗೂ ಹೊಟ್ಟೆ ಇತ್ತು! ಹೋಗಿ, ತನ್ನಿ. ಅದು ಬರೋ ತನಕ ಇವಳನ್ನ ಎತ್ತೋಕೆ ಬಿಡಲ್ಲ."

ಚಾಲಕ ಒಳಗೆ ಇಣುಕಿದ. "ಅಮ್ಮಾ, ನನಗೆ ಇನ್ನೊಂದು ಮನೆ..."

"ಕಾಯ್ತಾರೆ ಬಿಡಪ್ಪ. ಸತ್ತೋರಿಗೆ ಬಸ್ಸು ತಪ್ಪುತ್ತಾ?"

ಯಾರೋ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು.

ಇಂಜಿನಿಯರು ಸ್ಕೂಟರಿನಲ್ಲಿ ಹೋಗಿ ಅರ್ಧ ಗಂಟೆಯಲ್ಲಿ ಚೀಲ ತಂದರು. ಎಲ್ಲರೂ ಬಾಗಿಲ ಮುಂದಿನ ರಸ್ತೆಗೆ ಬಂದು ಸುತ್ತುವರಿದರು. ಚೀಲದ ಒಂದು ಮೂಲೆ ಜಜ್ಜಿಹೋಗಿತ್ತು, ಅಷ್ಟೇ. ಮುಚ್ಚಳದ ಸಂದಿಯಿಂದ ತಂಗಿ ಕೆಂಪು ಪಟ್ಟಿಯನ್ನು ಹೊರಗೆಳೆದಳು. ಅದರ ಮೇಲೆ ಅಕ್ಕ ಬಿಳಿ ನೂಲಿನಲ್ಲಿ ಅಕ್ಷರ ಹೊಲಿದಿದ್ದಳು. ಮೇಷ್ಟ್ರು ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದರು: "ನನ್ನನ್ನು ಕೀಳದೆ ಹಾರಿಸಿದರೆ ಹೊಲಿದವಳನ್ನು ಬಯ್ಯಬೇಡಿ."

ಕ್ಷೌರದಂಗಡಿಯವನು ಬಗ್ಗಿ ತಾನೂ ಒಮ್ಮೆ ಓದಿಕೊಂಡ.

"ಬಿಚ್ಚಿಕೊಂಡಿದ್ರೂ ಹರಿದೇ ಹೋಗ್ತಿತ್ತೇನೋ," ಎಂದು ಯಜಮಾನ ಗೊಣಗಿದ. "ಯಾರಿಗೆ ಗೊತ್ತು?"

ತಂಗಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ಒದ್ದೆ ಹೊದಿಕೆ ಹಿಂಡಿದವಳು. ಪಿನ್ನು ಕಿತ್ತು ಚೀಲ ಕೊಡವಿದಳು. ಕಿತ್ತಳೆ ಬಟ್ಟೆ ಸರಸರ ಹರಡಿ ರಸ್ತೆಯ ಈ ಬದಿಯಿಂದ ಆ ಬದಿಯವರೆಗೂ ತುಂಬಿತು.

"ಹಿಡೀರಿ ಎಲ್ರೂ. ಯಾರಿಗೆ ಗೊತ್ತು ಅನ್ನೋದನ್ನ ಈಗ್ಲೇ ನೋಡೋಣ."

ಮೊದಲು ಮೇಷ್ಟ್ರು ಬಗ್ಗಿ ಒಂದು ಅಂಚು ಹಿಡಿದರು. ಆಮೇಲೆ ಕ್ಷೌರದಂಗಡಿಯವನು, ಇಂಜಿನಿಯರು, ಅಂಗಿ ಬಟ್ಟೆ ವಾಪಸ್ ಒಯ್ದಿದ್ದ ಮೂಲೆಮನೆಯ ಅತ್ತೆ-ಸೊಸೆ. ಗಾಡಿಯ ಚಾಲಕನೂ ಕೈ ಒರೆಸಿಕೊಂಡು ಬಂದ. ತಂಗಿ ಉಳಿದ ಅಂಚನ್ನು ತಂದು ಯಜಮಾನನ ಕೈಗೆ ತುರುಕಿದಳು. ಅವನು ಎರಡು ಬೆರಳಲ್ಲಿ ಹಿಡಿದ.

"ಎರಡೂ ಕೈಲಿ."

ಹಿಡಿದ. ಎಲ್ಲರೂ ಹಿಂದಕ್ಕೆ ಬಾಗಿ ಎಳೆದರು. ಬಟ್ಟೆ ಬಿಗಿದು ನಡುರಸ್ತೆಯಲ್ಲಿ ಹಲಗೆಯ ಹಾಗೆ ನಿಂತಿತು, ಒಂದು ಹೊಲಿಗೆಯೂ ಬಿಡಲಿಲ್ಲ. ಯಜಮಾನನ ಬೆರಳ ಗೆಣ್ಣುಗಳು ಬಿಳಿಚಿದವು, ಬೂಟು ರಸ್ತೆಯ ಮೇಲೆ ಜಾರಿತು.

"ಇನ್ನೂ ಎಳೀರಿ," ಎಂದಳು ತಂಗಿ. "ಇನ್ನೂ."